ಎದುರುಬದುರು ಹಕ್ಕಿ

ಬಟ್ಟೆಗೆ ಧೂಳು ಕೂರಬಾರದೆಂದು ಮಾಲೀಕ ಕಾರ್ಖಾನೆಯ ಕಿಟಕಿಗಳಿಗೆಲ್ಲ ಮೊಳೆ ಹೊಡೆಸಿದ. ಬಣ್ಣದ ಕೋಣೆಗೆ ಬೆಂಕಿ ಬಿದ್ದ ದಿನ ಅವು ತೆರೆಯಲಿಲ್ಲ. ಒಳಗಿದ್ದವಳು ಮರದ ಅಚ್ಚು ಕೆತ್ತುವ ಹುಡುಗಿ. ಹೊಸ ಅಚ್ಚು ಬಣ್ಣ ಹಿಡಿಯುತ್ತದೆಯೇ ಎಂದು ನೋಡಲು ಹೋಗಿದ್ದಳು. ಅವಳಿಗೆ ಇಪ್ಪತ್ತಮೂರು ವರ್ಷ.

ಅವಳ ಅಕ್ಕ ಅಲ್ಲೇ ಬಟ್ಟೆಯ ಮೇಲೆ ಅಚ್ಚು ಒತ್ತುವವಳು. ಇಬ್ಬರಿಗೂ ದಿನಕ್ಕೊಂದು ಜಗಳ. ನಾನು ಕೆತ್ತದಿದ್ದರೆ ನೀನು ಒತ್ತೋದೇನು ಎಂದು ತಂಗಿ. ನಾನು ಒತ್ತದಿದ್ದರೆ ನಿನ್ನ ಹಕ್ಕಿಗಳೆಲ್ಲ ಒಲೆಗೆ ಸೌದೆ ಎಂದು ಅಕ್ಕ.

ಹದಿನೈದು ದಿನ ಕಳೆದು ಅಕ್ಕ ಕೆಲಸಕ್ಕೆ ಬಂದಾಗ ತಂಗಿಯ ಮೇಜಿನ ಮೇಲೆ ಒಂದು ಹಲಗೆ ಉಳಿದಿತ್ತು. ಐದು ಹಕ್ಕಿಗಳಿಗೆ ಜಾಗ, ಕೆತ್ತಿದ್ದು ಒಂದೇ. ಉಳಿದ ನಾಲ್ಕು ಅವಳ ನೋಟ್‌ಬುಕ್ಕಿನಲ್ಲಿದ್ದವು. ಅದರಾಚೆಗೆ ಎಂಬತ್ತು ಪುಟ ಖಾಲಿ. ಮನೆಗೆ ಬಂದಿದ್ದ ಮಾಲೀಕ ಎಲ್ಲ ಹಣೆಬರಹ ಎಂದು ಹೇಳಿ ಹೋಗಿದ್ದ. ಕಿಟಕಿಗೆ ಮೊಳೆ ಹೊಡೆಯಲು ಹಣೆಬರಹಕ್ಕೆ ಬರುತ್ತದೆಯೇ?

ಊಟದ ಬಿಡುವಿನಲ್ಲಿ ಅಕ್ಕ ತಂಗಿಯ ಉಳಿ ಹಿಡಿದಳು. ಎರಡು ವಾರ ಬೆರಳು ಕೊಯ್ದುಕೊಂಡು, ನೋಟ್‌ಬುಕ್ಕಿನಲ್ಲಿ ಇದ್ದ ಹಾಗೆಯೇ ಎರಡನೆಯ ಹಕ್ಕಿ ಮುಗಿಸಿ, ಚಿಂದಿ ಬಟ್ಟೆಯ ಮೇಲೆ ಒತ್ತಿ ನೋಡಿದರೆ ಅದು ಉಲ್ಟಾ. ತಂಗಿಯ ಹಕ್ಕಿ ಬಲಕ್ಕೆ ಹಾರುತ್ತಿತ್ತು, ಇವಳದು ಎಡಕ್ಕೆ. ಮರದಲ್ಲಿ ತಿರುಗಿಸಿ ಕೆತ್ತಿದರೇ ಬಟ್ಟೆಯ ಮೇಲೆ ನೆಟ್ಟಗೆ ಬರುವುದೆಂದು ಕೆತ್ತುವವರಿಗೆ ಗೊತ್ತು. ಇಪ್ಪತ್ತು ವರ್ಷ ಬಟ್ಟೆಯನ್ನಷ್ಟೇ ನೋಡಿದವಳ ಕೈಗೆ ಅದು ಹೊಳೆಯಲಿಲ್ಲ.

ಬಣ್ಣ ಕಲಸುವ ಅಜ್ಜಿ ಬಗ್ಗಿ ನೋಡಿದಳು.

"ಸರಿಹೋಯ್ತು. ಇಲ್ಲೂ ಎದುರುಬದುರು ನಿಂತ್ಕೊಂಡು ಜಗಳ ಶುರು ಮಾಡಿದೀರಲ್ಲೇ."

ತಂಗಿ ಹೋದ ಮೇಲೆ ಅಕ್ಕ ನಕ್ಕದ್ದು ಅದೇ ಮೊದಲು.

ಮೂರನೆಯ ಹಕ್ಕಿ ಕೆತ್ತುವುದು ತನಗಿರಲಿ ಎಂದು ಬಟ್ಟೆ ಮಡಚುವವಳು ಕೇಳಿಕೊಂಡಳು. ನಾಲ್ಕನೆಯದಕ್ಕೆ ಇಬ್ಬರು ಕಿತ್ತಾಡಿದರು. ತಂಗಿಯ ಕೈ ಯಾರಿಗೂ ಬರುವುದಿಲ್ಲ, ಹೋದದ್ದು ಹೋದದ್ದೇ. ಆದರೂ ಮಧ್ಯಾಹ್ನದ ಹೊತ್ತು ಆ ಮೇಜಿನ ಕೆಳಗೆ ಮತ್ತೆ ಮರದ ಚೂರು ಉದುರತೊಡಗಿತು.

ಆಗ ಮೇಸ್ತ್ರಿ ಕೀಸುಳಿ ತಂದಿಟ್ಟ. ಒಳ್ಳೆಯ ಮರ ದಂಡವಾಗುತ್ತಿದೆ, ಈ ಹಕ್ಕಿಗಳನ್ನೆಲ್ಲ ಕೀಸಿ ಹಲಗೆ ನುಣ್ಣಗೆ ಮಾಡಬೇಕಂತೆ, ಮಾಲೀಕರ ಮಾತು ಎಂದ. ಹೇಳುವಾಗ ಅವನು ಹಲಗೆಯತ್ತ ನೋಡಲಿಲ್ಲ.

ಅಕ್ಕ ಕೀಸುಳಿಯನ್ನು ಅವನ ಕೈಗೇ ವಾಪಸು ಇಟ್ಟಳು.

"ಕಿಟಕಿಗಳಲ್ಲಿ ಇನ್ನೂ ಮೊಳೆ ಇವೆ ಮೇಸ್ತ್ರಿ, ಹೋಗಿ ಅವನ್ನ ಕೀಳಿ. ಇದನ್ನ ನಾನು ಕೀಸಲ್ಲ."