ಬೈರಪ್ಪನ ಕೊಳಕ್ಕೆ ಬಂದ ಶನಿವಾರಗಳು

ಸಮೇತನಹಳ್ಳಿಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ ಅದನ್ನು ಎರಡು ಸಂಪುಟ ಮಾಡದೆ ಗತ್ಯಂತರವಿಲ್ಲ: ಬೈರಪ್ಪನ ಹಿತ್ತಲ ಕೊಳದ ನೀರು ಹಸಿರಾಗುವ ಮುಂಚಿನದು, ಹಸಿರಾದ ಮೇಲಿನದು. ರಸ್ತೆ ಅಗಲವಾದದ್ದು, ರಾಗಿ ಹೊಲಗಳು ಸೈಟುಗಳಾದದ್ದು ಇವೆಲ್ಲ ಅಡಿಟಿಪ್ಪಣಿಗೆ ಸಾಕು. ನೀರಿನ ಬಣ್ಣದ ವಿಷಯದಲ್ಲಿ ಮಾತ್ರ ಊರಿನ ಪ್ರತಿ ಮನೆಗೂ ಒಂದೊಂದು ಅಭಿಪ್ರಾಯವಿತ್ತು. ಬೈರಪ್ಪನದೊಂದನ್ನು ಬಿಟ್ಟು ಉಳಿದವೆಲ್ಲ ತಪ್ಪಾಗಿದ್ದವು.

ಬೈರಪ್ಪ ಲೈನ್‌ಮನ್ ಆಗಿ ಮೂವತ್ತಮೂರು ವರ್ಷ ಕಂಬ ಹತ್ತಿ ಇಳಿದು ನಿವೃತ್ತನಾದವನು. ಮುಟ್ಟಬೇಡಿ ಅಂದದ್ದನ್ನೇ ಜನ ಹುಡುಕಿಕೊಂಡು ಹೋಗಿ ಮುಟ್ಟುವುದನ್ನು ಸರ್ವೀಸಿಡೀ ಕಂಡವನು. ನಿವೃತ್ತಿಯ ಮರುವರ್ಷ ಹಿತ್ತಲಲ್ಲಿ ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲ, ಎದೆಮಟ್ಟದ ಗುಂಡಿ ತೋಡಿಸಿ, ದಪ್ಪ ಟಾರ್ಪಾಲು ಹಾಸಿ, ಬೋರ್‌ವೆಲ್ ನೀರು ತುಂಬಿ, ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ಬಿಟ್ಟ. ಮೀನುಗಾರಿಕೆ ಇಲಾಖೆಯವರ ಒಂದು ದಿನದ ತರಬೇತಿಗೂ ಹೋಗಿಬಂದ. ಅಲ್ಲಿ ಹೇಳಿದ್ದನ್ನು ನಂಬಿದವನು ಆ ಬ್ಯಾಚಿನಲ್ಲಿ ಅವನೊಬ್ಬನೇ ಇರಬೇಕು.

ದಿನಾ ಬೆಳಿಗ್ಗೆ ಮೊಣಕೈವರೆಗೂ ತೋಳನ್ನು ನೀರಿಗಿಳಿಸಿ ಅಂಗೈ ನೋಡುವನು. ಅಂಗೈ ಕಂಡರೆ ಮೀನಿಗೆ ಎರಡು ಹಿಡಿ ಹಿಂಡಿ, ತೌಡು. ಕಾಣದಿದ್ದರೆ ಅವತ್ತು ಮೀನಿಗೆ ಉಪವಾಸ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ, ಪಾಚಿ ಹೆಚ್ಚಾದರೆ ರಾತ್ರಿ ನೀರಿನೊಳಗಿನ ಗಾಳಿಯನ್ನೆಲ್ಲ ಅದೇ ಎಳೆದುಕೊಂಡು ಬೆಳಗಾಗುವುದರೊಳಗೆ ಮೀನು ಬಾಯಿಬಾಯಿ ಬಿಡುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ವಿವರಿಸುವನು. ಬಿಸಿಲು ನೇರ ಬೀಳದಂತೆ ಮೂರರಲ್ಲೊಂದು ಪಾಲು ನೀರಿಗೆ ನೈದಿಲೆ ಎಲೆ ಹಬ್ಬಿಸಿದ್ದ. ಎರಡು ವರ್ಷಕ್ಕೆ ನಲವತ್ತಮೂರು ಮೀನು ತೋಳುದ್ದ ಬೆಳೆದವು. ಅವನ ಹೆಜ್ಜೆ ಸದ್ದಿಗೆ ದಡಕ್ಕೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ಒಂದನ್ನೂ ಮಾರಲಿಲ್ಲ, ಒಂದನ್ನೂ ತಿನ್ನಲಿಲ್ಲ. ಮನೆಯಲ್ಲಿ ಮೀನುಸಾರು ಮಾಡಬೇಕೆಂದರೆ ಹೊಸಕೋಟೆಗೆ ಹೋಗಿ ಪರಿಚಯವಿಲ್ಲದ ಮೀನು ತರುತ್ತಿದ್ದ.

ಪಕ್ಕದ ಮನೆಯ ಮುನಿರಾಜನಿಗೆ ಒಂದೂವರೆ ಎಕರೆ ದ್ರಾಕ್ಷಿ ತೋಟ, ಮೂವತ್ತೊಂದು ದಾಟಿದ ಮಗ ಅಮರ್. ಅಮರನಿಗೆ ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸವಿತ್ತು, ಬೈಕಿತ್ತು, ಹೆಣ್ಣು ಮಾತ್ರ ಕೂಡಿಬರಲಿಲ್ಲ. ಹೊಸಕೋಟೆಯ ಶಾಸ್ತ್ರಿಗಳು ಜಾತಕ ನೋಡಿ, ಶನಿ ಕೂತಿದ್ದಾನೆ, ಒಂಬತ್ತು ಶನಿವಾರ ಮೀನಿಗೆ ಎಳ್ಳು ಬೆರೆಸಿದ ಹಿಟ್ಟಿನುಂಡೆ ಹಾಕಿ ಎಂದರು. ಊರ ಕೆರೆಗೆ ಹೊಸ ಲೇಔಟಿನ ಚರಂಡಿ ಸೇರಿದ ಮೇಲೆ ಅದು ನೊರೆ ಕಾರುತ್ತಿತ್ತು. ಅದರಲ್ಲಿ ಏನು ಬದುಕಿದೆಯೆಂದು ತಿಳಿಯುವ ಆಸೆ ಯಾರಿಗೂ ಇರಲಿಲ್ಲ. ಕಾಣುವ ಮೀನು ಇದ್ದದ್ದು ಬೈರಪ್ಪನ ಹಿತ್ತಲಲ್ಲಿ.

"ಅಣ್ಣ, ಒಂದೈದು ನಿಮಿಷ. ಮೀನಿಗೆ ಒಂಚೂರು ಉಂಡೆ ಹಾಕ್ಬಿಟ್ಟು ಹೋಗ್ತೀನಿ," ಎಂದ ಮುನಿರಾಜ, ಮೊದಲ ಶನಿವಾರ, ತಟ್ಟೆ ಹಿಡಿದು.

"ಒಂಚೂರು ಅಂದ್ರೆ ಎಷ್ಟು?"

"ನೂರಾ ಎಂಟು."

"ಲೇ, ಅವು ಮೀನು ಕಣೋ, ಬೀಗರಲ್ಲ!"

ಅಡುಗೆಮನೆ ಬಾಗಿಲಿಂದ ಬೈರಪ್ಪನ ಹೆಂಡತಿ ವರಲಕ್ಷ್ಮಮ್ಮ ಇಣುಕಿದಳು. "ಏನ್ರೀ ನೀವು, ಬಂದೋರ್ನ ಬಾಗಿಲಲ್ಲೇ ನಿಲ್ಲಿಸ್ಕೊಂಡು ಲೆಕ್ಕ ಕೇಳ್ತಿದೀರ. ಹುಡುಗನ ಮದುವೆ ವಿಚಾರ. ಹಾಕ್ಲಿ ಬಿಡಿ, ಮೀನೇನು ಬೇಡ ಅಂತವಾ?"

ಮೀನು ಬೇಡ ಅನ್ನಲಿಲ್ಲ. ಸಿಕ್ಕಷ್ಟು ತಿಂದವು, ಉಳಿದದ್ದು ಮುಳುಗಿತು.

ಮೂರನೆಯ ಶನಿವಾರದ ಮಾರನೇ ದಿನ ಅನುಗೊಂಡನಹಳ್ಳಿಯಿಂದ ಹೆಣ್ಣಿನ ಕಡೆಯವರು ಬಂದು ಕಾಫಿ ಕುಡಿದು, ಒಬ್ಬಟ್ಟು ತಿಂದು, ಯೋಚನೆ ಮಾಡಿ ಹೇಳ್ತೀವಿ ಎಂದು ಹೋದರು. ಅದುವರೆಗೆ ಬಂದವರೆಲ್ಲ ಯೋಚನೆ ಮಾಡದೆ ಹೇಳಿದ್ದರು. ಸುದ್ದಿ ಹಬ್ಬಿತು. ಐದನೆಯ ಶನಿವಾರ ಬೈರಪ್ಪನ ಗೇಟಿನ ಮುಂದೆ ಹದಿನಾಲ್ಕು ಮನೆಯವರು ತಟ್ಟೆ ಹಿಡಿದು ನಿಂತಿದ್ದರು. ಒಬ್ಬರಿಗೆ ಮಗಳ ನರ್ಸಿಂಗ್ ಸೀಟು, ಒಬ್ಬರಿಗೆ ಮೊಣಕಾಲು ನೋವು, ಪಾಪಯ್ಯನಿಗೆ ಎಂಟು ವರ್ಷದಿಂದ ಕೋರ್ಟಿನಲ್ಲಿರುವ ದಾಯಾದಿ ವ್ಯಾಜ್ಯ. ವರಲಕ್ಷ್ಮಮ್ಮ ಕೊಳದ ದಂಡೆಗೆ ರಂಗೋಲಿ ಬಿಟ್ಟು, ಬಂದ ಹೆಂಗಸರಿಗೆ ಕುಂಕುಮ ಕೊಟ್ಟಳು. ಮನೆಗೆ ಅಷ್ಟು ಜನ ಬಂದು ಎಷ್ಟು ಕಾಲವಾಗಿತ್ತೋ. ಬೈರಪ್ಪ ಮೂಲೆಯಲ್ಲಿ ನಿಂತು ಗುಣಿಸಿದ: ಒಂದು ಬೆಳಿಗ್ಗೆಗೆ ಸಾವಿರದ ಐನೂರ ಹನ್ನೆರಡು ಉಂಡೆ. ಕೆಲವರು ಶನಿಗೆ ಪ್ರೀತಿಯೆಂದು ಎಳ್ಳೆಣ್ಣೆಯಲ್ಲಿ ಅದ್ದಿ ಬೇರೆ ತಂದಿದ್ದರು.

ಆರನೆಯ ವಾರ ಅಂಗೈ ಕಾಣಲಿಲ್ಲ. ಏಳನೆಯ ವಾರ ಮಣಿಕಟ್ಟೂ ಕಾಣಲಿಲ್ಲ. ನೀರು ಪಾಲಕ್ ಸೊಪ್ಪು ರುಬ್ಬಿದಂತಾಯಿತು, ಅಂಚಿನಲ್ಲಿ ಕೂದಲಿನಂಥ ಪಾಚಿ, ಮೇಲೆ ಎಣ್ಣೆಯ ಪೊರೆ. ಬೆಳಗಿನ ಹೊತ್ತು ನಲವತ್ತಮೂರೂ ಮೇಲೆ ಬಂದು ಗಾಳಿ ಗುಟುಕರಿಸುತ್ತಿದ್ದವು. ಬೈರಪ್ಪ ತನ್ನ ಹಿಂಡಿ ನಿಲ್ಲಿಸಿದ. ಮೋಟರ್ ಇಟ್ಟು ತಳದ ಕೊಳಕು ನೀರನ್ನು ದಿನಕ್ಕಿಷ್ಟು ಹೊರಗೆ ಹಾಕಿ, ಅಷ್ಟೇ ಹೊಸ ನೀರನ್ನು ಪೈಪಿನಿಂದ ಎತ್ತರದಿಂದ ಸುರಿಸಿ ಗಾಳಿ ಬೆರೆಸಿದ. ಬಿದಿರು ಕೋಲಿಗೆ ಪಾಚಿ ಸುತ್ತಿ ಸುತ್ತಿ ಎಳೆದ. ಶುಕ್ರವಾರದ ಹೊತ್ತಿಗೆ ನೀರು ಸ್ವಲ್ಪ ಚೇತರಿಸಿಕೊಳ್ಳುತ್ತಿತ್ತು. ಶನಿವಾರ ತಟ್ಟೆಗಳು ಬರುತ್ತಿದ್ದವು.

ಲೈನ್‌ಮನ್ ಬುದ್ಧಿ. ಹಳದಿ ತಗಡಿನ ಮೇಲೆ ಕೆಂಪಕ್ಷರದಲ್ಲಿ "ಮೀನಿಗೆ ಏನನ್ನೂ ಹಾಕಬಾರದು" ಎಂದು ಬರೆದು ದಂಡೆಯಲ್ಲಿ ನೆಟ್ಟ. ಶನಿವಾರ ಮಧ್ಯಾಹ್ನದೊಳಗೆ ಆ ಬೋರ್ಡಿಗೆ ಅರಿಶಿನ ಕುಂಕುಮ ಬಿದ್ದು, ಒಂದು ಮೊಳ ಸೇವಂತಿಗೆಯೂ ಏರಿತು.

"ಓದಕ್ಕೆ ಬರಲ್ವೇನಯ್ಯ ನಿಮಗೆ?" ಎಂದು ಬೈರಪ್ಪ ಕೂಗಿದ. "ಶನಿವಾರ ಪುಣ್ಯಕ್ಕೆ ಮೀನಿಗೆ ತಿನ್ನಿಸ್ತೀರ, ಭಾನುವಾರ ರುಚಿಗೆ ಮೀನು ತಿಂತೀರ. ನಡುವೆ ನನ್ನ ಮೀನು ಉಸಿರುಕಟ್ಟಿ ಸಾಯ್ಬೇಕಾ? ನಿಮ್ಮ ಮನೆ ಮಕ್ಕಳಿಗೆ ಒಂದೇ ಸಲಕ್ಕೆ ನೂರೆಂಟು ಮುದ್ದೆ ತುರುಕ್ತೀರೇನ್ರಯ್ಯ?"

"ಅಷ್ಟು ಸಿಟ್ಟು ಒಳ್ಳೇದಲ್ಲ ಬೈರಣ್ಣ," ಎಂದ ಪಾಪಯ್ಯ ಮರುಕದಿಂದ. "ನೀನೂ ಒಂದು ತಟ್ಟೆ ಹಾಕ್ನೋಡು."

ಎಂಟನೆಯ ಶನಿವಾರವೂ ಕಳೆಯಿತು. ಅದರ ಮುಂದಿನ ಶುಕ್ರವಾರ ಬೈರಪ್ಪ ಹೊಸಕೋಟೆಗೆ ಬಸ್ಸು ಹತ್ತಿ ಶಾಸ್ತ್ರಿಗಳ ಮುಂದೆ ಕೂತ. ಮೀನಿನ ಬದಲು ಹಸುವಿಗೋ ಇರುವೆಗೋ ಬರೆದುಕೊಡಿ ಎಂದು ಕೇಳಲು ಹೋದವನಿಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿತು.

"ನೂರೆಂಟಾ?" ಶಾಸ್ತ್ರಿಗಳು ಕನ್ನಡಕ ತೆಗೆದರು. "ಯಾರಪ್ಪಾ ಹೇಳಿದ್ದು? ನಾನು ಹೇಳಿದ್ದು ಒಂಬತ್ತು. ಕಡಲೆಕಾಳು ಗಾತ್ರದ್ದು. ಜನ ಅವರೇ ಏರಿಸ್ಕೋತಾರೆ, ಹರಾಜಿನ ಹಾಗೆ."

"ಸ್ವಾಮಿ, ಅದನ್ನೇ ಒಂದು ಚೀಟಿಲಿ ಬರ್ದು ಸೀಲ್ ಹೊಡ್ಕೊಡಿ."

ಹದಿನಾಲ್ಕು ಮನೆಗೆ ಒಂಬತ್ತರಂತೆ ನೂರ ಇಪ್ಪತ್ತಾರು ಕಾಳು ಗಾತ್ರದ ಉಂಡೆ. ನಲವತ್ತಮೂರು ಮೀನಿಗೆ ಅದು ಒಂದು ನಿಮಿಷದ ಕೆಲಸ, ಚೂರೂ ಉಳಿಯುವುದಿಲ್ಲ. ಬೈರಪ್ಪ ಚೀಟಿಯನ್ನು ಹೈಕೋರ್ಟಿನ ತಡೆಯಾಜ್ಞೆಯಂತೆ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಕತ್ತಲಾಗುವ ಹೊತ್ತಿಗೆ ಮನೆಗೆ ಬಂದ. ಎರಡು ತಿಂಗಳಲ್ಲಿ ಮೊದಲ ಸಲ ಹೆಂಡತಿಯ ಜೊತೆ ನಗುತ್ತಾ ಊಟ ಮಾಡಿದ.

ಬೆಳಿಗ್ಗೆ ಎದ್ದು ತೋಳನ್ನು ನೀರಿಗಿಳಿಸಿದ. ಅಂಗೈ ಕಂಡಿತು.

ಐದು ಬೆರಳೂ ಕಂಡವು. ಹಸಿರೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿ ತಳಕ್ಕೆ ಕುಸಿಯುತ್ತಿತ್ತು, ನೀರಿಗೆ ನೀಲಿಯ ಛಾಯೆ ಬಂದಿತ್ತು. ಕಣ್ಣೆತ್ತಿ ನೋಡಿದ. ನೈದಿಲೆಗಳ ನಡುವೆ ಮೀನುಗಳು ಬಿಳಿಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಕೆಲವು ಇನ್ನೂ ಕಿವಿರು ಆಡಿಸುತ್ತಾ ಅಡ್ಡಡ್ಡ ತಿರುಗುತ್ತಿದ್ದವು.

ಅವನು ಕೂಗಿದ ಸದ್ದಿಗೆ ವರಲಕ್ಷ್ಮಮ್ಮ ಓಡಿಬಂದಳು. ಇಬ್ಬರೂ ಎದೆಮಟ್ಟದ ನೀರಿಗಿಳಿದು, ಜೀವ ಇದ್ದವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಒಂದೊಂದಾಗಿ ಅಂಗಳದ ನೀರಿನ ಸಂಪಿನೊಳಕ್ಕೆ ಸಾಗಿಸಿದರು. ಹನ್ನೊಂದು ಸಿಕ್ಕವು. ಹನ್ನೊಂದನೆಯದನ್ನು ಬಿಟ್ಟ ಮೇಲೆ ವರಲಕ್ಷ್ಮಮ್ಮ ಸಂಪಿನ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಮುನಿರಾಜ ನಿನ್ನೆ ಬಕೀಟು ತಂದಿದ್ದ ಕಣ್ರೀ. ಏನಪ್ಪಾ ಅಂದೆ. ನೀರು ತಿಳಿ ಮಾಡೋ ಔಷಧಿ ಅತ್ತಿಗೆ, ಅಣ್ಣಂಗೆ ಹೇಳ್ಬೇಡಿ, ಬೆಳಿಗ್ಗೆ ನೋಡಿ ಖುಷಿ ಪಡ್ಲಿ ಅಂದ."

ಮುನಿರಾಜನೇ ಗೇಟು ತಳ್ಳಿಕೊಂಡು ಬಂದ. ಸ್ನಾನವಾಗಿತ್ತು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ತಟ್ಟೆ. ಅವನಿಗಿದು ಒಂಬತ್ತನೆಯ ಶನಿವಾರ. "ಅಣ್ಣ, ನೋಡ್ದಾ ನೀರು..." ಎನ್ನುತ್ತಾ ದಂಡೆಗೆ ಬಂದವನ ಮಾತು ಅಲ್ಲೇ ನಿಂತಿತು.

"ಏನ್ ಹಾಕ್ದೆ?"

"ದ್ರಾಕ್ಷಿಗೆ ಹೊಡೆಯೋ ಮೈಲುತುತ್ತ ಅಣ್ಣ. ಮಿಕ್ಕಿತ್ತು. ಅರ್ಧ ಕೇಜಿ ಅಷ್ಟೇ. ತೊಟ್ಟಿ ಪಾಚಿಗೆ ಹಾಕಿದ್ರೆ ಒಂದೇ ದಿನಕ್ಕೆ ಹೋಗುತ್ತೆ."

"ತೊಟ್ಟಿಲಿ ಮೀನಿತ್ತೇನೋ?"

"ಇಲ್ಲ. ಆದ್ರೆ ಈ ಹಸಿರು ನೀರಲ್ಲಿ ಮೀನು ತಿಂದಿದ್ದೇ ಕಾಣ್ತಿರ್ಲಿಲ್ಲ ಅಣ್ಣ. ಕಾಣ್ದಂಗೆ ತಿಂದಿದ್ದು ಶನಿಗೆ ಮುಟ್ಟುತ್ತೋ ಇಲ್ವೋ ಅಂತ..."

"ಮುಟ್ಟೋದು! ಪಾಚಿ ಬಂದಿದ್ದೇ ನಿನ್ನ ಉಂಡೆಯಿಂದ. ಉಂಡೆ ನಿಲ್ಸು ಅಂತ ಎಂಟು ವಾರ ಬಡ್ಕೊಂಡೆ, ಕಿವಿಗೆ ಬೀಳ್ಲಿಲ್ಲ. ವಿಷ ಹಾಕಕ್ಕೆ ಮಾತ್ರ ಯಾರನ್ನೂ ಕೇಳ್ಬೇಕು ಅನ್ನಿಸ್ಲಿಲ್ಲ. ಒಂದು ಗೋಡೆ ಆಚೆ ಇದ್ದೀನಲ್ಲೋ ನಾನು!"

"ನೀನು ಹೊಸಕೋಟೆಗೆ ಹೋಗಿದ್ದೆ ಅಣ್ಣ."

"ನಿನ್ನ ಉಂಡೆ ಕಮ್ಮಿ ಮಾಡ್ಸಕ್ಕೇ ಹೋಗಿದ್ದೆ ಕಣೋ!" ಬೈರಪ್ಪ ಚೀಟಿ ತೆಗೆದು ಅವನ ಮುಖದ ಮುಂದೆ ಹಿಡಿದ. ಒದ್ದೆ ಅಂಗಿಯಲ್ಲಿ ನೆನೆದು ಸೀಲು ಹರಡಿತ್ತು, ಒಂಬತ್ತು ಎಂಬುದನ್ನು ಮಾತ್ರ ಓದಬಹುದಿತ್ತು.

ಮುನಿರಾಜ ಓದಿದ. ಪಾಪ, ನಾಚಿಕೆಯೂ ಆಯಿತು. ಆದರೆ ಸೋಮವಾರ ಅನುಗೊಂಡನಹಳ್ಳಿಯವರು ಉತ್ತರ ಹೇಳುವವರಿದ್ದರು. ಕೈಯಲ್ಲಿನ ತಟ್ಟೆ ನೋಡಿಕೊಂಡ, ಸಂಪಿನ ಕಡೆ ನೋಡಿದ.

"ಅಣ್ಣ, ಬೈಬೇಡ. ಇದೊಂದೇ ವಾರ ಬಾಕಿ. ಸಂಪಲ್ಲಿರೋವಕ್ಕೆ ಒಂಬತ್ತೇ ಒಂಬತ್ತು..."

ಬೈರಪ್ಪ ಬಾಯಿ ತೆರೆಯುವ ಮುಂಚೆ ವರಲಕ್ಷ್ಮಮ್ಮ ಎದ್ದಳು. ತಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡು ಬೀದಿಗೆ ಹೋಗಿ ಮೋರಿಯ ಪಕ್ಕ ಇಟ್ಟಳು. ಹೊರಗೆ ಕಾದಿದ್ದ ಹದಿಮೂರು ಮನೆಯವರೂ ನೋಡುತ್ತಿದ್ದರು.

"ಇವ್ರು ಬೇಡ ಅಂದಾಗ ಹಾಕ್ಲಿ ಬಿಡಿ ಅಂದೋಳು ನಾನು," ಎಂದಳು ಎಲ್ಲರಿಗೂ ಕೇಳುವಂತೆ. "ಕುಂಕುಮ ಕೊಟ್ಟೋಳೂ ನಾನೇ. ಈಗ ಬಾಗಿಲು ಹಾಕ್ತಿರೋಳೂ ನಾನೇ. ಹೊರಡಪ್ಪ ಮುನಿರಾಜ. ನೀವೂ ಹೊರಡ್ರಿ."

ಮೂವತ್ತೆರಡು ಮೀನನ್ನು ಬೈರಪ್ಪ ತೆಂಗಿನ ಮರಗಳ ಆಚೆ ಗುಂಡಿ ತೋಡಿ ಹೂತ. ಅನ್ಯಾಯವಾಗಿ ಮಣ್ಣು ಮಾಡ್ತೀಯಲ್ಲ, ಸಾರಿಗಾದ್ರೂ ಆಗ್ತಿತ್ತು ಎಂದು ಬೇಲಿಯಾಚೆಯಿಂದ ಒಂದು ದನಿ ಬಂತು. ಅವನು ಇನ್ನೊಂದು ಬುಟ್ಟಿ ಮಣ್ಣು ಸುರಿದ.

ಸೋಮವಾರ ಅನುಗೊಂಡನಹಳ್ಳಿಯವರು ಒಪ್ಪಿದರು. ಇದರಿಂದ ಊರು ಯಾವ ಪಾಠ ಕಲಿಯಬೇಕಿತ್ತೋ ಅದನ್ನು ಬಿಟ್ಟು ಇನ್ನೊಂದನ್ನು ಕಲಿಯಿತು. ಮೀನು ಸತ್ತದ್ದು ವಿಷದಿಂದಲ್ಲ, ಅಮರನ ದೋಷವನ್ನು ತಮ್ಮ ಮೇಲೆ ಎಳೆದುಕೊಂಡು ಸತ್ತವು. ಮೂವತ್ತೆರಡು ಸತ್ತದ್ದರಿಂದ ದೋಷ ಎಷ್ಟು ಬಲವಾಗಿತ್ತು ಎಂದು ಲೆಕ್ಕ ಹಾಕಿದವರೂ ಇದ್ದರು. ಬುಧವಾರ ಪಾಪಯ್ಯ ಗೇಟಿನ ಹೊರಗೆ ನಿಂತು ಕೆಮ್ಮಿದ.

"ಬೈರಣ್ಣ, ಹನ್ನೊಂದು ಉಳಿದಾವಂತೆ. ನನ್ನದೊಂದು ಕೇಸು, ನಿಂಗೊತ್ತಲ್ಲ..."

"ಗೊತ್ತು ಕಣಯ್ಯ. ರಾತ್ರೋರಾತ್ರಿ ಬೇಲಿ ಸರಿಸ್ದೋನು ನೀನು. ಕಲ್ಲು ಕಿತ್ತೋನು ನಿನ್ನ ದಾಯಾದಿ. ಇದ್ರಲ್ಲಿ ಮೀನಿಂದೇನು ತಪ್ಪು? ನಿನ್ನ ಬೇಲಿ ಹಿಂದಕ್ಕೆ ಹಾಕು, ಶನಿ ನಾಳೆನೇ ಇಳೀತಾನೆ!"

ಪಾಪಯ್ಯ ಬೇಲಿಯ ಮಾತು ಬಂದದ್ದೇ ತಡ ಹೊರಟ.

ಬೈರಪ್ಪ ಕೊಳವನ್ನು ಪೂರ್ತಿ ಬರಿದು ಮಾಡಿ, ಟಾರ್ಪಾಲನ್ನು ಉಜ್ಜಿ ತೊಳೆದು, ವಾರ ಬಿಸಿಲಿಗೆ ಬಿಟ್ಟು, ಎರಡು ಸಲ ನೀರು ತುಂಬಿ ಚೆಲ್ಲಿ, ಮೂರನೆಯ ಸಲದ ನೀರಿಗೆ ಮೀನು ಬಿಟ್ಟ. ಸಂಪಿನಲ್ಲಿ ಒಂದು ಸತ್ತಿತ್ತು. ಅಮರನ ಮದುವೆ ಹೊಸಕೋಟೆಯ ಛತ್ರದಲ್ಲಿ ನಡೆಯಿತು, ಇವರಿಬ್ಬರೂ ಹೋಗಲಿಲ್ಲ. ಕೊಳದಲ್ಲಿ ಈಗ ಹತ್ತು ಮೀನಿವೆ.