ಒಂದು ದಿನದ ರೋಗಿ

“ಕೂದಲಿಗೂ ಸಾಬೂನು ಹಾಕು, ರಂಡೆ! ನಿನ್ನ ಈ ನಾತಕ್ಕೆ ಆ ಬಿಳಿ ದೊರೆ ವಾರ್ಡಿನ ಒಳಗೆ ಕಾಲಿಟ್ಟಾನಾ?”

ಹಿತ್ತಿಲ ನಲ್ಲಿಯಿಂದ ದೂರ ನಿಂತು ಕಂಪೌಂಡರ್ ಉಮಾನಾಥ ಕೂಗುತ್ತಿದ್ದ. ಸುಗಂಧಿ ಸೀರೆಯಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ತಲೆ ಉಜ್ಜಿಕೊಂಡಳು. ಹೆದ್ದಾರಿ ಬದಿಯ ಈ ಸರಕಾರಿ ಆಸ್ಪತ್ರೆಯ ಕಕ್ಕಸು ತೊಳೆಯುತ್ತ ಅವಳ ಅರ್ಧ ಆಯುಷ್ಯ ಕಳೆದಿತ್ತು. ಸಾಬೂನು ಕೊಟ್ಟು ಮೀಯಲು ಹೇಳಿದ್ದು ಇದೇ ಮೊದಲು.

ವಿದೇಶದಿಂದ ಒಬ್ಬ ತಜ್ಞ ಬರುವವನಿದ್ದ. ಸರಕಾರಿ ಆಸ್ಪತ್ರೆಗಳನ್ನು ಹೇಗೆ ನಡೆಸಬೇಕೆಂದು ನಮ್ಮವರಿಗೆ ಹೇಳಿಕೊಡಲು ಸರಕಾರವೇ ಕರೆಸಿದ ತಜ್ಞ. ಅವನು ಮೆಚ್ಚಿದರೆ ಹೊಸ ಕಟ್ಟಡ, ಹೊಸ ಜೀಪು ಎಂದು ಡಾಕ್ಟರು ಎಲ್ಲರಿಗೂ ಹೇಳಿದ್ದರು. ಎಪ್ಪತ್ತೆಂಟನೆಯ ಇಸವಿಯ ಆ ಬೇಸಿಗೆಯಲ್ಲಿ ಗೋಡೆಗಳಿಗೆ ಸುಣ್ಣ ಬಿತ್ತು. ಉಡುಪಿಯಿಂದ ಹೊಸ ಹಾಸಿಗೆ, ಬಿಳಿ ಹೊದಿಕೆ ಬಂದವು. ಅವುಗಳ ಮೇಲೆ ಮಲಗುವ ಜನ ಮಾತ್ರ ಡಾಕ್ಟರ ಕಣ್ಣಿಗೆ ಸರಿಬರಲಿಲ್ಲ. ಒಬ್ಬನ ಕಾಲಿನ ಹುಣ್ಣು ಸೋರುತ್ತಿತ್ತು. ಎರ್ಮಾಳಿನ ಆಮಿನಮ್ಮ ಕೆಮ್ಮಿ ಕೆಮ್ಮಿ ಉಗುಳುತ್ತಿದ್ದಳು. ಬೆಳಗಾಗುತ್ತಲೇ ಅವರನ್ನೆಲ್ಲ ಎಬ್ಬಿಸಿ ಹಿಂದಿನ ಸೌದೆ ಕೊಟ್ಟಿಗೆಗೆ ಸಾಗಿಸಿದರು. ಖಾಲಿಯಾದ ಮಂಚಗಳಲ್ಲಿ ಮಲಗಲು ಗಟ್ಟಿಮುಟ್ಟಾದ, ಹೇಳಿದ ಮಾತು ಕೇಳುವ ಜನ ಬೇಕಿತ್ತು. ಗುಡಿಸುವವರು, ತೊಳೆಯುವವರು, ಹಿತ್ತಿಲ ಕಳೆ ಕಡಿಯುವ ದೇವದಾಸ. ಇವರಿಗಿಂತ ಹೇಳಿದ್ದು ಕೇಳುವವರು ಯಾರಿದ್ದಾರೆ? ಸಂಜೆ ಹೊದಿಕೆಗಳನ್ನೆಲ್ಲ ಕುದಿಸಿ ಒಗೆಸಿದರಾಯಿತು ಎಂದು ಉಮಾನಾಥನೇ ದಾರಿ ತೋರಿಸಿದ್ದ.

ಸುಗಂಧಿಯ ಮಗಳು ವಿನೋದಾ ಕೂಡ ಕೊಟ್ಟಿಗೆಗೆ ಹೋಗಿದ್ದಳು. ಮೂರು ದಿನದಿಂದ ಅವಳಿಗೆ ಸುಡುವ ಜ್ವರ. ‘ನಿಮ್ಮ ಜಾತಿಯವರಿಗೆ ಜಗಲಿ ಸಾಕು’ ಎಂದು ಗೋಣಿಯ ಮೇಲೆ ಮಲಗಿಸಿದ್ದರು. ಈಗ ಜಗಲಿಯೂ ಇರಲಿಲ್ಲ.

“ಧನಿಗಳೇ, ಮಗುವಿಗೆ ಜ್ವರ ಏರಿದೆ. ನನ್ನ ಬದಲು ಅವಳೇ ಆ ಮಂಚದಲ್ಲಿ ಮಲಗಿದರೆ ಆಗದಾ?” ಎಂದು ಸುಗಂಧಿ ಉಮಾನಾಥನನ್ನು ಕೇಳಿದಳು.

“ನಿಜವಾದ ರೋಗ ಯಾರಿಗೆ ಬೇಕು ಇವತ್ತು? ಅದು ಅಲ್ಲಿ ಕಕ್ಕಿದರೆ ತೊಳೆಯುವುದು ಯಾರು, ನಿನ್ನ ಅಪ್ಪನಾ?”

“ತೊಳೆಯುವುದು ನಾನೇ ಅಲ್ವಾ, ಧನಿಗಳೇ.”

“ಎದುರು ಮಾತು! ಕೆಲಸ ಬೇಕಾ, ಬೇಡವಾ ನಿನಗೆ?”

ಸುಗಂಧಿ ಮಲಗಿದಳು. ಹಾಸಿಗೆ ಮೈಯನ್ನು ಒಳಗೆಳೆದುಕೊಂಡಿತು. ಅಷ್ಟು ಮೆತ್ತಗಿನದಕ್ಕೆ ಅವಳ ಬೆನ್ನು ಎಂದೂ ತಾಗಿರಲಿಲ್ಲ; ಹಾಯೆನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ನರ್ಸ್ ಜೆರ್ಟ್ರೂಡ್ ಹೊದಿಕೆ ಸರಿಮಾಡುತ್ತ ಮೆಲ್ಲಗೆ ಹೇಳಿದಳು: “ಏನು ಕೇಳಿದರೂ ತಲೆ ಆಡಿಸು, ಮಾರಾಯ್ತಿ. ಅವರು ಹೋದ ಮೇಲೆ ನಿನ್ನ ಮಗಳನ್ನು ನಾನು ನೋಡ್ತೇನೆ.”

ತಜ್ಞ ಬಂದ. ಎತ್ತರದ ಆಳು, ಬಿಸಿಲಿಗೆ ಕೆಂಪಾದ ಕತ್ತು, ನಗುವ ಕಣ್ಣು. ಪಕ್ಕದಲ್ಲಿ ಅವನ ಮಾತನ್ನು ಕನ್ನಡಕ್ಕೆ ತಿರುಗಿಸುವ ಬೆಂಗಳೂರಿನ ಅಧಿಕಾರಿ. ಸುಗಂಧಿಯ ಮಂಚದ ಹತ್ತಿರವೇ ಬಂದು ನಿಂತರು.

“ಇಲ್ಲಿ ಹೇಗೆ ನೋಡಿಕೊಳ್ಳುತ್ತಾರೆ ಅಂತ ಕೇಳ್ತಿದ್ದಾರೆ,” ಎಂದ ಅಧಿಕಾರಿ.

ಕಿಟಕಿಯಾಚೆ, ಕೊಟ್ಟಿಗೆಯಿಂದ “ಅಮ್ಮಾ” ಎಂಬ ಕ್ಷೀಣ ದನಿ ಕೇಳಿಸಿತು. ಸುಗಂಧಿ ತಲೆ ಆಡಿಸಲಿಲ್ಲ.

“ನಾನು ಇಲ್ಲಿಯ ಕಕ್ಕಸು ತೊಳೆಯುವವಳು. ನನಗೆ ರೋಗ ಇಲ್ಲ.”

ಅಧಿಕಾರಿ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದ. ತಜ್ಞ ಸಂತೋಷದಿಂದ ಅವಳ ಕೈ ಕುಲುಕಿದ. ತನ್ನ ಎರಡು ಮಾತು ಅಷ್ಟುದ್ದ ಬೆಳೆದದ್ದನ್ನೂ ಕೇಳಿದವನು ನಕ್ಕದ್ದನ್ನೂ ಕಂಡು ಅವಳು ಹೊದಿಕೆ ಒದ್ದು ಎದ್ದಳು. ಯಾರಾದರೂ ತಡೆಯುವಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಓಡಿದಳು. ಮರಳಿದಾಗ ಹೆಗಲ ಮೇಲೆ ವಿನೋದಾ ಇದ್ದಳು. ಸೌದೆಯ ಹೊಟ್ಟು, ವಾಂತಿ ಮೆತ್ತಿದ ಆ ಮಗುವನ್ನು ಬಿಳಿ ಹಾಸಿಗೆಯ ಮೇಲೆ ಮಲಗಿಸಿದಳು.

“ರೋಗ ಇವಳಿಗೆ. ನೋಡಿ.”

ತಜ್ಞ ಬಗ್ಗಿ ಮಗುವಿನ ಹಣೆ ಮುಟ್ಟಿದ. ಮುಖದ ನಗು ಆರಿತು. ಏನೋ ಕೇಳಿದ. ಅಧಿಕಾರಿ ಹೇಳಿದ. ಡಾಕ್ಟರು ಕೈ ಹೊಸೆಯುತ್ತ ಇನ್ನೇನೋ ಸೇರಿಸಿದರು. ತಜ್ಞ ಗಂಭೀರವಾಗಿ ತಲೆಯಾಡಿಸಿ, ಹಿಂದಿನ ಬಾಗಿಲನ್ನು ಬೆರಳಿನಿಂದ ತೋರಿಸಿ ಮಾತಾಡಿದ.

ಅಧಿಕಾರಿ ಡಾಕ್ಟರ ಕಡೆ ತಿರುಗಿದ. “ಒಳ್ಳೆಯ ಸಲಹೆ ಕೊಟ್ಟರು ನೋಡಿ. ರೋಗಿಗಳ ಕಡೆಯವರು ಹೀಗೆ ವಾರ್ಡಿಗೆ ನುಗ್ಗಬಾರದಂತೆ. ಆ ಬಾಗಿಲಿಗೆ ಕಬ್ಬಿಣದ ಗೇಟು ಹಾಕಿಸಿ.”

ಕಾರುಗಳು ಕೆಂಪು ಧೂಳು ಎಬ್ಬಿಸಿ ಹೊರಟುಹೋದವು. ಉಮಾನಾಥ ಹಲ್ಲು ಕಡಿಯುತ್ತ ಒಳಗೆ ಬಂದ.

“ಇಳಿಸು ಆ ಪಿಂಡವನ್ನು! ಎಲ್ಲರೂ ಏಳಿ, ನಾಟಕ ಮುಗಿಯಿತು.”

ಸುಗಂಧಿ ಮಂಚ ಹತ್ತಿ ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಒಂದು ಕೈಯಿಂದ ಮಂಚದ ಸರಳನ್ನು ಹಿಡಿದಳು.

“ಕೇಳಿಸಲಿಲ್ಲವಾ, ಬೇವರ್ಸಿ?”

“ಕೇಳಿಸಿತು. ಇಳಿಯುವುದಿಲ್ಲ.”

“ದೇವದಾಸ, ಎಳೆದು ಹಾಕು ಇವಳನ್ನು!”

ಪಕ್ಕದ ಮಂಚದಲ್ಲಿದ್ದ ದೇವದಾಸ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ. “ನನಗೆ ಮೈ ಹುಷಾರಿಲ್ಲ, ಧನಿಗಳೇ.”

ಉಮಾನಾಥನೇ ಮುಂದೆ ಬಂದ. ಎಳೆಯಬೇಕಾದರೆ ಅವಳನ್ನು ಮುಟ್ಟಬೇಕು.

“ಬಾ,” ಎಂದಳು ಸುಗಂಧಿ. ಧನಿ ಎನ್ನಲಿಲ್ಲ. “ಮುಟ್ಟು. ಮುಟ್ಟಿ ಎಳೆ.”

ಚಾಚಿದ ಕೈ ಅಲ್ಲೇ ನಿಂತಿತು. ವಿನೋದಾಳ ಹಲ್ಲು ಕಟಕಟ ಎನ್ನತೊಡಗಿತು. ಜೆರ್ಟ್ರೂಡ್ ಓಡಿಬಂದು ಮಗುವಿನ ನಾಡಿ ಹಿಡಿದಳು, ಮತ್ತೆ ಮತ್ತೆ ಹಿಡಿದಳು, ಡಾಕ್ಟರನ್ನು ಕರೆಯಿರಿ ಎಂದು ಕಿರುಚಿದಳು.

ಡಾಕ್ಟರು ತಜ್ಞನ ಬೆನ್ನಿಗೇ ಇನ್ನೊಂದು ಕಾರಿನಲ್ಲಿ ಕಾರ್ಕಳಕ್ಕೆ ಹೋಗಿದ್ದರು.