ಲೋಟದ ತಳದ ಉಪ್ಪು

೧೯೫೮ರ ಆಷಾಢ, ಮಧ್ಯಾಹ್ನ ಮೂರರ ಹೊತ್ತು. ಮದ್ರಾಸಿನ ಮೈಲಾಪುರದ ಹೋಟೆಲಿನ ಒಲೆಯ ಮುಂದೆ ಅಡಿಗೆಯ ಹರಿಹರ ಸೌಟು ಹಿಡಿದು ನಿಂತಿದ್ದ. ಸಾಂಬಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ನೆನಪಾಗಲಿಲ್ಲ. ದೇವರ ಪಟಕ್ಕೆ ತೋರಿಸುವ ಮೊದಲು ನಾಲಿಗೆಗೆ ಇಡುವಂತಿಲ್ಲ. ಅದು ಆ ಅಡಿಗೆಮನೆಯ ಕಟ್ಟುಪಾಡು. ಇಪ್ಪತ್ತು ವರ್ಷ ಹಬೆಯ ವಾಸನೆಯಲ್ಲೇ ಉಪ್ಪಿನ ಹದ ಹೇಳಿದವನು ಅವನು. ಹೋದ ವರ್ಷದ ಫ್ಲೂ ಜ್ವರದಲ್ಲಿ ಹೆಂಡತಿ ಕೌಸಲ್ಯಾ ಹೋದಳು. ಅವನ ಮೂಗು, ನಾಲಿಗೆ ಎರಡೂ ಅದೇ ವಾರ ಸತ್ತವು. ಯಾರಿಗೂ ಹೇಳದೆ, ಕೈಯ ಅಳತೆಯಲ್ಲೇ ವರ್ಷ ದೂಡಿದ್ದ. ಹೋಟೆಲಿನ ಹಿಂದಿನ ಕೋಣೆ ಅಡಿಗೆಯವನದು. ಮಗಳು ವಿಮಲಾ ಅಲ್ಲಿಂದಲೇ ತಮಿಳು ಶಾಲೆಗೆ ಹೋಗುತ್ತಿದ್ದಳು. ಸೌಟು ಹೋದರೆ ಕೋಣೆಯೂ ಹೋಗುತ್ತದೆ.

ಇನ್ನೊಂದು ಹಿಡಿ ಹಾಕಿದ.

ನಾಲ್ಕೂವರೆಗೆ ಮೊದಲ ತಟ್ಟೆ ವಾಪಸು ಬಂತು. ಯಜಮಾನ ಸುಬ್ರಾಯರು ಬಾಗಿಲಲ್ಲಿ ನಿಂತು, “ಎಂಥದು ಮಾರಾಯ, ಮರೀನಾದ ಕಡಲ ನೀರು ತಂದು ಬೇಳೆ ಬೇಯಿಸಿದ್ದಾ?” ಎಂದರು. ಬಡಿಸುವ ತಿರುಮಲ ಬೆನ್ನು ತಿರುಗಿಸಿ ನಕ್ಕ.

ಹರಿಹರ ಹಿಂದಿನ ಕೋಣೆಗೆ ಹೋದ. ವಿಮಲಾ ವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದಳು.

“ಮಗಾ, ನೀರಿಗೆ ಬಿದ್ದ ಉಪ್ಪು ತೆಗೀಲಿಕ್ಕೆ ಅದರಲ್ಲಿ ದಾರಿ ಉಂಟಾ?”

“ಮಣ್ಣಾದ್ರೆ ಸೋಸ್ಬಹುದಪ್ಪ. ಉಪ್ಪು ಕರಗಿದ್ರೆ ಮುಡಿಯಾದು, ಆಗುದೇ ಇಲ್ಲ. ನೀರೆಲ್ಲ ಆರಿ ಹೋಗ್ಬೇಕು, ಆಮೇಲೆ ಉಪ್ಪು ಮಾತ್ರ ತಳದಲ್ಲಿ ಇರ್ತದೆ.” ಕಿಟಕಿಯ ಕಟ್ಟೆಯ ಮೇಲೆ ಅವಳೊಂದು ಲೋಟದಲ್ಲಿ ಸ್ವಲ್ಪ ಉಪ್ಪುನೀರು ಇಟ್ಟಿದ್ದಳು. ಟೀಚರು ಹೇಳಿದ್ದಂತೆ.

ಸ್ವಲ್ಪ ಹೊತ್ತು ಅಪ್ಪನ ಮುಖ ನೋಡಿದಳು. ಆಮೇಲೆ ಎದ್ದು ಎರಡು ತುತ್ತು ಅನ್ನ ತಂದಳು. “ಇದು ಜೀರಣದ ಪಾಠ. ಜೀರಣ ಬಾಯಲ್ಲೇ ಶುರುವಾಗ್ತದಂತೆ. ಬರೀ ಅನ್ನ ಮೂವತ್ತೆರಡು ಸಲ ಅಗಿಯಿರಿ. ಎಂಜಲು ಸೇರಿ ಇನಿಪ್ಪಾಗ್ತದೆ.”

ಇಬ್ಬರೂ ಅಗಿದರು. ಅವನು ನಲವತ್ತರವರೆಗೆ ಎಣಿಸಿದ. ಅನ್ನ ನೀರಾಯಿತು, ಅಷ್ಟೇ.

“ಸಿಹಿ ಬಂತಾ?”

“ಬಂತು.”

ವಿಮಲಾ ಪುಸ್ತಕದ ಹಾಳೆ ಮಗುಚಿದಳು. “ನಿಮ್ಮ ತುತ್ತಿಗೆ ನಾನು ಉಪ್ಪು ಹಾಕಿದ್ದೆ ಅಪ್ಪಾ.”

ಸಂಜೆ ಸುಬ್ರಾಯರೇ ಅಡಿಗೆಮನೆಗೆ ಬಂದು ದನಿ ತಗ್ಗಿಸಿದರು. “ನಾಳೆಯಿಂದ ನೈವೇದ್ಯಕ್ಕೆ ಮೊದಲೇ ಒಂದು ತೊಟ್ಟು ನೋಡಿಕೋ. ನಾನು ಆಚೆ ತಿರುಗಿ ನಿಲ್ತೇನೆ. ದೇವರೇನು ಸಿಟ್ಟು ಮಾಡ್ಲಿಕ್ಕಿಲ್ಲ.”

ಹ್ಞೂಂ ಎಂದಿದ್ದರೆ ಇನ್ನೂ ಕೆಲವು ದಿನ ನಡೆಯುತ್ತಿತ್ತು. ಹರಿಹರ ಸೌಟನ್ನು ತೊಳೆದು ಗೋಡೆಗೆ ಒರಗಿಸಿದ.

“ನೋಡಿದರೂ ಅಷ್ಟೇ, ಸುಬ್ರಾಯರೇ. ಗೊತ್ತಾಗುದಿಲ್ಲ.”

“ಯಾವಾಗಿನಿಂದ?”

“ಕೌಸಲ್ಯಾ ಹೋದಂದಿನಿಂದ.”

ಮರುದಿನ ಸೌಟು ತಿರುಮಲನ ಕೈಗೆ ಹೋಯಿತು. ಊರಂಚಿನ ಗಿಂಡಿಯಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹರಿಹರನಿಗೆ ತರಕಾರಿ ಹೆಚ್ಚುವ ಕೆಲಸ ಸುಬ್ರಾಯರೇ ನೋಡಿಕೊಟ್ಟರು. ಅಲ್ಲಿ ಮಲಗಲು ಜಾಗವಿತ್ತು, ಮಗಳನ್ನು ಇಟ್ಟುಕೊಳ್ಳುವಷ್ಟಿರಲಿಲ್ಲ. ಶಾಲೆ ಮುಗಿಯುವವರೆಗೆ ವಿಮಲಾ ಸುಬ್ರಾಯರ ಮನೆಯಲ್ಲಿರುವುದೆಂದಾಯಿತು.

ಹೊರಡುವ ದಿನ ಲೋಟದ ನೀರು ಪೂರ್ತಿ ಆರಿತ್ತು. ತಳದಲ್ಲಿ ಬೆಳ್ಳಗೆ ಹಿಡಿದಿದ್ದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡ. ಮರಳಿನಂತೆ ಒರಟಾಗಿತ್ತು. ವಿಮಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಲೋಟವನ್ನು ಅವಳ ಕೈಗೆ ಕೊಟ್ಟು, ಗುರುವಾರ, ಬೆಳಗಿನ ನೈವೇದ್ಯಕ್ಕೆ ಮುಂಚೆ ಹರಿಹರ ಹೊರಟುಹೋದ.